ಎರಡು ಗಡಿಕಲ್ಲುಗಳ ನಡುವೆ

"ಗುರುಗಳೇ, ಪಿಡುಗು ಕಳೆಯಿತು. ಯಾವ ಊರು ಅದನ್ನು ಚೆನ್ನಾಗಿ ಎದುರಿಸಿತು ಎಂದು ನೋಡಿ ಬರಲು ಅರಮನೆಯವರು ಹೇಳಿದ್ದಾರೆ. ಮುಂದೆ ರೋಗ ಬಂದರೆ ಇಡೀ ನಾಡು ಆ ಊರಿನಂತೆ ನಡೆಯಬೇಕಂತೆ. ಆ ಊರನ್ನು ಗುರುತಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗೌಡನಿದ್ದ. ಹಿಂದೊಮ್ಮೆ ಪಿಡುಗು ಬಂದಾಗ ಅವನೊಂದು ಕಟ್ಟಳೆ ಮಾಡಿದ. ಜ್ವರ ಬಂದವರನ್ನು ಗಡಿಕಲ್ಲಿನ ಆಚೆ ಬಿಟ್ಟು ಬರಬೇಕು. ಹೊರಗಿನ ರೋಗಿ ಒಳಗೆ ಬರಕೂಡದು. ಗೌಡ ಕ್ರೂರಿಯಲ್ಲ. ಊರು ಉಳಿಯಬೇಕು ಎಂಬುದಷ್ಟೇ ಅವನ ಮನಸ್ಸಿನಲ್ಲಿತ್ತು. ಪಕ್ಕದ ಊರಿನವರೂ ಇದನ್ನು ನೋಡಿ ಹಾಗೆಯೇ ಮಾಡಿದರು. ಎರಡು ಊರುಗಳ ಗಡಿಕಲ್ಲುಗಳ ನಡುವೆ ಒಂದು ಬಯಲಿತ್ತು. ಅದು ಯಾವ ಊರಿಗೂ ಸೇರಿದ್ದಲ್ಲ. ಆದ್ದರಿಂದ ಅಲ್ಲಿಗೆ ಗಂಜಿ ಒಯ್ಯುವುದು ಯಾರ ಕೆಲಸವೂ ಆಗಿರಲಿಲ್ಲ.

ಗೌಡ ತನ್ನ ಒಬ್ಬಳೇ ಮಗಳನ್ನು ಪಕ್ಕದ ಊರಿಗೆ ಕೊಟ್ಟಿದ್ದ. ಒಂದು ಮಧ್ಯಾಹ್ನ ಗಡಿಯ ಕಾವಲುಗಾರ ಓಡಿ ಬಂದ.

"ಗೌಡರೇ, ಅಮ್ಮಣ್ಣಿಯವರಿಗೆ ಜ್ವರ. ಗಂಡನ ಮನೆಯವರು ಬಯಲಿನಲ್ಲಿ ಬಿಟ್ಟು ಹೋಗಿದ್ದಾರೆ. 'ಅಪ್ಪಯ್ಯನಿಗೆ ಹೇಳು, ಕೊಟ್ಟಿಗೆಯಲ್ಲಾದರೂ ಬಿದ್ದಿರುತ್ತೇನೆ' ಅನ್ನುತ್ತಿದ್ದಾರೆ. ಕರೆದುಕೊಂಡು ಬರಲೇ?"

ಗೌಡ ಎದ್ದು ಚಪ್ಪಲಿ ಮೆಟ್ಟಿದ. ಜಗುಲಿಯ ಮೇಲೆ ಊರಿನವನೊಬ್ಬ ಕುಳಿತಿದ್ದ. ಕಟ್ಟಳೆಗೆ ತಲೆಬಾಗಿ ತನ್ನ ತಾಯಿಯನ್ನು ಅದೇ ಬಯಲಿನಲ್ಲಿ ಬಿಟ್ಟು ಬಂದವನು ಅವನು.

"ಗೌಡರ ಕೊಟ್ಟಿಗೆ ದೊಡ್ಡದು ಬಿಡಿ. ನಮ್ಮವ್ವನಿಗೂ ಜಾಗ ಆಗುತ್ತಿತ್ತು" ಎಂದ.

ಗೌಡ ಚಪ್ಪಲಿ ಬಿಟ್ಟ. ಮಗಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ; ಊರಿಗೊಂದು, ತನಗೊಂದು ಕಟ್ಟಳೆ ಮಾಡಲು ಅವನಿಂದಾಗಲಿಲ್ಲ. ಮರುದಿನ ಮಗಳು ಬಯಲಿನಲ್ಲೇ ತೀರಿಕೊಂಡಳು. ಕಾವಲುಗಾರ ಬಂದು ಬಾಗಿಲಲ್ಲಿ ನಿಂತ. ಗೌಡ ತಲೆಯ ರುಮಾಲು ತೆಗೆದಿಟ್ಟ.

ಪಿಡುಗು ಹೋದ ಮೇಲೆ ಅರಮನೆಯಿಂದ ಅಧಿಕಾರಿ ಬಂದ.

"ಗೌಡರೇ, ನಿಮ್ಮ ಊರಿನೊಳಗೆ ಸತ್ತವರೆಷ್ಟು?"

ಮಗಳ ಹೆಸರು ಗೌಡನ ನಾಲಿಗೆಯ ತುದಿಗೆ ಬಂತು. ಹೇಳಿದರೆ ಕಟ್ಟಳೆ ತಪ್ಪೆಂದಾಗುತ್ತಿತ್ತು. ಕಟ್ಟಳೆ ತಪ್ಪೆಂದಾದರೆ ಅವಳು ಸುಮ್ಮನೆ ಸತ್ತಂತಾಗುತ್ತಿತ್ತು. ಅದನ್ನು ತಾಳಿಕೊಳ್ಳುವ ಶಕ್ತಿ ಅವನಿಗಿರಲಿಲ್ಲ.

"ಒಬ್ಬರೂ ಇಲ್ಲ" ಎಂದ.

ಪಕ್ಕದ ಊರಿನ ಗೌಡನೂ ಅದನ್ನೇ ಹೇಳಿದ. ಅಧಿಕಾರಿ, "ಹಾಗಾದರೆ ನಿಮ್ಮ ಊರಿನ ನೀರಿನಲ್ಲೇ ಮದ್ದಿರಬೇಕು, ಕುಡಿದೇ ಹೋಗಬೇಕಲ್ಲ!" ಎಂದು ನಗುತ್ತಾ ಇಬ್ಬರಿಗೂ ಶಾಲು ಹೊದಿಸಿದ.

ಶಿಷ್ಯನಿಗೆ ಸಿಟ್ಟು ಬಂತು. "ಆ ಗೌಡ ಸುಳ್ಳು ಹೇಳಿದನಲ್ಲ, ಗುರುಗಳೇ!"

"ಸುಳ್ಳಲ್ಲ, ಎರಡೂ ಊರಿನೊಳಗೆ ಯಾರೂ ಸತ್ತಿರಲಿಲ್ಲ, ಆ ನಿಜದ ಮೇಲೆಯೇ ಅರಮನೆಯವರು ಇಡೀ ನಾಡಿಗೆ ಕಟ್ಟಳೆ ಬರೆದರು" ಎಂದರು ಗುರು.