ಕರಡಿ ನೆಕ್ಕಿದ ಮುಳ್ಳು

ಒಂದು ಕಾಡಿನಲ್ಲಿ ಮದ್ದನ್ನು ನೆಕ್ಕಿ ನೋಡುವುದಕ್ಕೆಂದೇ ಒಂದು ಕರಡಿ ಇತ್ತು. ಹಿಂದೊಮ್ಮೆ ಯಾರೋ ಮದ್ದೆಂದು ಕೊಟ್ಟ ಬೇರನ್ನು ತಿಂದು ಮೂರು ಮೊಲಗಳು ಸತ್ತಿದ್ದವು. ಆಗ ಹುಲಿದೊರೆ ಒಂದು ಕಟ್ಟಳೆ ಮಾಡಿತು. ಯಾವ ಮದ್ದೇ ಆಗಲಿ, ಅದನ್ನು ಅರೆದು ಕರಡಿಯ ಮುಂದಿಡಬೇಕು. ಕರಡಿ ಮೂಸಬೇಕು, ನೆಕ್ಕಬೇಕು, ಮೂರು ದಿನ ಕಾಯಬೇಕು. ಏನೂ ಆಗದಿದ್ದರೆ ಎಲೆಯ ಮೇಲೆ ಪಂಜದ ಗುರುತು ಒತ್ತಿಕೊಡಬೇಕು. ಒಳ್ಳೆಯ ಕಟ್ಟಳೆಯೇ. ಅಂದಿನಿಂದ ಮದ್ದು ತಿಂದು ಯಾರೂ ಸಾಯಲಿಲ್ಲ. ಕರಡಿಯೂ ಪ್ರಾಮಾಣಿಕ ಪ್ರಾಣಿ. ಎಲ್ಲರೂ ಅದನ್ನು ಪ್ರೀತಿಯಿಂದ ಮೂಸಮ್ಮ ಎನ್ನುತ್ತಿದ್ದರು.

ಗುರುತನ್ನು ಮೊದಲು ಪಡೆದದ್ದು ನರಿಯ ಹಸಿರು ಲೇಪ. ಹಚ್ಚಿದರೆ ಎಂಥ ನೋವೂ ಒಂದು ದಿನ ಮರೆಯಾಗುತ್ತಿತ್ತು. ಮರುದಿನ ಮತ್ತೆ ಬರುತ್ತಿತ್ತು, ನೋವೂ ರೋಗಿಯೂ. ಬರಿಗೈಯಲ್ಲಿ ಬರುವಂತಿರಲಿಲ್ಲ. ಜೇನೋ ಹಣ್ಣೋ ಮೀನೋ ತರಬೇಕಿತ್ತು. ನರಿಗೆ ಹೊಟ್ಟೆ ಬಂತು, ಪಂಡಿತರು ಎಂಬ ಹೆಸರೂ ಬಂತು.

ಒಂದು ದಿನ ಗೌರಜ್ಜಿ ಎಂಬ ಮುದಿ ಆನೆಯ ಕಾಲಿಗೆ ದೊಡ್ಡ ಕಾರೆಮುಳ್ಳು ಹೊಕ್ಕಿತು. ಹೊಳೆಯನ್ನು ಎಲ್ಲಿ ದಾಟಿದರೆ ಆಚೆಯ ಬಿದಿರುಕಾಡು ಸಿಗುತ್ತದೆ ಎಂಬುದು ಹಿಂಡಿನಲ್ಲಿ ಗೌರಜ್ಜಿಗೆ ಮಾತ್ರ ಗೊತ್ತಿತ್ತು. ಮಳೆ ಬಂದು ಹೊಳೆ ತುಂಬುವುದರೊಳಗೆ ದಾಟದಿದ್ದರೆ ಇಡೀ ಹಿಂಡು ಹಸಿದಿರಬೇಕು. ಅಜ್ಜಿ ದಿನಾ ಲೇಪ ಹಚ್ಚಿಸಿಕೊಂಡಿತು. ಕಾಲು ಮಾತ್ರ ಊದುತ್ತಲೇ ಹೋಯಿತು.

"ಪಂಡಿತರೇ, ಮುಳ್ಳು ಒಳಗೇ ಇದೆಯಲ್ಲ?" ಎಂದಿತು ಅಜ್ಜಿ.

"ನೋವು ಹೋಯಿತೋ ಇಲ್ಲವೋ, ಅಷ್ಟು ಹೇಳಜ್ಜಿ. ಮುಳ್ಳಿನ ಚಿಂತೆ ನಿನಗೇಕೆ?" ಎಂದಿತು ನರಿ. ಮುಳ್ಳು ಹೋದರೆ ರೋಗಿಯೂ ಹೋದಂತೆ ಎಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಇದನ್ನು ಕೇಳಿಸಿಕೊಂಡ ಮುಳ್ಳುಹಂದಿ ಅಜ್ಜಿಯ ಹತ್ತಿರ ಬಂತು. "ಅಜ್ಜೀ, ನನ್ನದೇ ಒಂದು ಮುಳ್ಳನ್ನು ಕಲ್ಲಿಗೆ ತಿಕ್ಕಿ, ತುದಿಗೆ ಸಣ್ಣ ಕೊಕ್ಕೆ ಮಾಡಿದ್ದೇನೆ. ಮೊನ್ನೆ ನನ್ನ ಕಾಲಿನ ಮುಳ್ಳನ್ನು ಇದರಿಂದಲೇ ತೆಗೆದೆ."

"ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅಂತ ನಮ್ಮಮ್ಮನೂ ಹೇಳುತ್ತಿದ್ದಳು. ಬಾ ಮಗಳೇ," ಎಂದು ಅಜ್ಜಿ ಕಾಲು ಚಾಚಿತು.

ನರಿ ಅಡ್ಡ ಬಂತು. "ಗುರುತು ಎಲ್ಲಿದೆ?"

ಸರಿ, ಎಲ್ಲರೂ ಹುಲಿದೊರೆಯ ಮುಂದೆ ಸೇರಿದರು. ಮೂಸಮ್ಮ ಎಂದಿನಂತೆ, "ಅರೆದು ತಾರಮ್ಮ," ಎಂದಿತು.

"ಅರೆದರೆ ಇನ್ನೇನು ಉಳಿಯುತ್ತದೆ, ಮೂಸಮ್ಮ?" ಎಂದಿತು ಮುಳ್ಳುಹಂದಿ.

ಮೂಸಮ್ಮ ತಲೆ ಕೆರೆದುಕೊಂಡಿತು. ಮುಳ್ಳನ್ನು ಮೂಸಿತು. ವಾಸನೆಯೇ ಇಲ್ಲ. ಕಟ್ಟಳೆ ಕಟ್ಟಳೆಯೇ ಎಂದುಕೊಂಡು ನಾಲಿಗೆ ಚಾಚಿ ಒಮ್ಮೆ ಚೆನ್ನಾಗಿ ನೆಕ್ಕಿತು.

"ಅಯ್ಯಯ್ಯೋ!"

ನಾಲಿಗೆ ಹಲಸಿನ ತೊಳೆಯಂತೆ ಊದಿಕೊಂಡಿತು. ನರಿಗೆ ಅಷ್ಟೇ ಸಾಕಾಗಿತ್ತು. "ನೋಡಿದಿರಾ ದೊರೆ! ನೆಕ್ಕಿದ್ದಕ್ಕೇ ಈ ಗತಿ, ಚುಚ್ಚಿದರೆ ಇನ್ನೇನು? ಅರೆಯಲು ಬಾರದ್ದು ಮದ್ದೇ ಅಲ್ಲ!"

ಹುಲಿಗೂ ಬೇರೆ ದಾರಿ ಕಾಣಲಿಲ್ಲ. ಗುರುತು ಸಿಗಲಿಲ್ಲ. ಮುಳ್ಳುಹಂದಿ ಅಳುತ್ತಾ ಮನೆಗೆ ಹೋಯಿತು. ಆಚೆ ಬೆಟ್ಟದ ಮೇಲೆ ಮೋಡ ಕಟ್ಟುತ್ತಿತ್ತು. ನನಗಂತೂ ಇಲ್ಲಿ ನರಿಯ ಕಿವಿ ಹಿಂಡಬೇಕೆನಿಸುತ್ತದೆ. ಆದರೆ ನಾನು ಹಿಂಡಬೇಕಾಗಿ ಬರಲಿಲ್ಲ.

ಗೆದ್ದ ಖುಷಿಗೆ ನರಿ ದೊಡ್ಡದೊಂದು ಮೀನನ್ನು ಗಬಗಬನೆ ತಿಂದಿತು. ಮೀನಿನ ಮುಳ್ಳು ನೆಟ್ಟಗೆ ಅಂಗುಳಕ್ಕೆ ಚುಚ್ಚಿ ಕುಳಿತಿತು. ಬಾಯಿ ಮುಚ್ಚಲು ಆಗದು, ಮಾತೂ ಹೊರಡದು. ನರಿ ತನ್ನ ಲೇಪವನ್ನೇ ಬಾಯಿಗೆ ಹಚ್ಚಿಕೊಂಡಿತು. ನೋವು ಹೋಯಿತು, ಮುಳ್ಳು ಹೋಗಲಿಲ್ಲ. ಮರುದಿನ ಜೊಲ್ಲು ಸುರಿಸುತ್ತಾ "ಆ... ಆ..." ಎಂದು ದೊರೆಯ ಮುಂದೆ ಬಂದು ನಿಂತಿತು.

ಗೌರಜ್ಜಿ ಬಗ್ಗಿ ಅದರ ಬಾಯೊಳಗೆ ನೋಡಿತು. "ನೋವು ಹೋಯಿತೋ ಇಲ್ಲವೋ, ಅಷ್ಟು ಹೇಳಿ ಪಂಡಿತರೇ. ಮುಳ್ಳಿನ ಚಿಂತೆ ನಿಮಗೇಕೆ?"

ಇಡೀ ಕಾಡು ನಕ್ಕಿತು. ಮುಳ್ಳುಹಂದಿ ನಗಲಿಲ್ಲ. ಕೊಕ್ಕೆ ಹಿಡಿದು ಎರಡು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟಿತು. "ತೆಗೆಯಬಹುದು ದೊರೆ. ಆದರೆ ಗುರುತಿಲ್ಲವಲ್ಲ!"

ಆಗ ಮೂಸಮ್ಮ ಎದ್ದಿತು. ಊದಿದ ನಾಲಿಗೆಯಲ್ಲಿ ರಕಾರ ಹೊರಡುತ್ತಿರಲಿಲ್ಲ. "ತಪ್ಪು ನಂದೇ ದೊಲೆ. ಮುಳ್ಳನ್ನ ಯಾಲಾದಲೂ ನೆಕ್ಕಿ ನೋಡ್ತಾಲಾ? ಮದ್ದನ್ನ ನೆಕ್ಕಿ ನೋಡೋಣ. ಕೊಕ್ಕೆಯನ್ನ ಕೆಲಸ ಮಾಡ್ಸಿ ನೋಡೋಣ."

ಹುಲಿಯ ಮುಖ ಅರಳಿತು. "ಸರಿಯಾದ ಮಾತು. ಪರೀಕ್ಷೆ ಬಿಡುವುದಿಲ್ಲ, ಆದರೆ ಕೊಕ್ಕೆಗೆ ಕೊಕ್ಕೆಯ ಪರೀಕ್ಷೆ. ಎಲ್ಲರೆದುರು ಮಾಡಿ ತೋರಿಸಲಿ, ಆಮೇಲೆ ಮೂರು ದಿನ ಕಾದು ನೋಡೋಣ. ಒಪ್ಪಿದವರ ಮೇಲೆ ಮಾತ್ರ. ಯಾರು ಮೊದಲು ಬರುತ್ತೀರಿ?"

ನರಿ ಕತ್ತು ಮುರಿಯುವಷ್ಟು ಜೋರಾಗಿ ತಲೆಯಾಡಿಸಿತು.

ಮುಳ್ಳುಹಂದಿ ಕೊಕ್ಕೆಯನ್ನು ಚೆನ್ನಾಗಿ ತೊಳೆದು ನರಿಯ ಬಾಯಿಗಿಟ್ಟಿತು. ಒಂದೇ ಎಳೆತಕ್ಕೆ ಮೀನಿನ ಮುಳ್ಳು ಹೊರಗೆ ಬಂತು. ಮೂಸಮ್ಮ ಮೂರು ದಿನ ನರಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು, ಹೊತ್ತು ಹೊತ್ತಿಗೆ "ಬಾಯಿ ತೆಗಿ" ಎಂದು ನೋಡಿತು. ಕೀವಿಲ್ಲ, ಊತವಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಗುರುತು ಬಿತ್ತು. ಮಧ್ಯಾಹ್ನವೇ ಗೌರಜ್ಜಿಯ ಕಾಲಿನಿಂದ ಬೆರಳುದ್ದದ ಮುಳ್ಳು ಹೊರಬಂತು. ಎರಡು ದಿನ ಕಳೆದು ಆನೆಗಳ ಹಿಂಡು ಸಾಲಾಗಿ ಹೊಳೆ ದಾಟಿತು, ಮುಂದೆ ಗೌರಜ್ಜಿ. ಕೊನೆಯ ಮರಿ ದಡ ಹತ್ತಿದಾಗ ಮೊದಲ ಹನಿ ಬಿತ್ತು.

ನರಿಯ ಲೇಪವನ್ನು ದೊರೆ ನಿಲ್ಲಿಸಲಿಲ್ಲ. ಆದರೆ ಹಚ್ಚುವ ಮೊದಲು ನರಿ ಎಲ್ಲರಿಗೂ ಕೇಳುವಂತೆ ಕೂಗಿ ಹೇಳಬೇಕಾಯಿತು: "ಇದು ನೋವಿಗೆ, ಮುಳ್ಳಿಗಲ್ಲ!" ಎಲ್ಲರೂ ಮೊದಲು ಮುಳ್ಳುಹಂದಿಯ ಮನೆಗೆ ಹೋಗತೊಡಗಿದರು. ನರಿಯ ಹೊಟ್ಟೆ ಇಳಿಯಿತು. ಬೇರೆ ದಾರಿಯಿಲ್ಲದೆ ಅದು ಮತ್ತೆ ಸೊಪ್ಪು ಹುಡುಕಲು ಹೊರಟಿತು. ಮುಳ್ಳು ತೆಗೆದ ಗಾಯ ಬೇಗ ಮಾಯುವಂಥ ಹೊಸ ಲೇಪ ಮಾಡಿ, ಎಲೆಯಲ್ಲಿಟ್ಟು ಮೂಸಮ್ಮನ ಮುಂದೆ ತಂದಿಟ್ಟಿತು.

ಮೂಸಮ್ಮ ನಾಲಿಗೆ ಚಾಚುವ ಮೊದಲು ಕೇಳಿತು: "ಚೆನ್ನಾಗಿ ಅರೆದಿದ್ದೀಯ ತಾನೇ?"

ನೀತಿ: ಪರೀಕ್ಷೆ ಬೇಕೇ ಬೇಕು, ಆದರೆ ಅದು ವಸ್ತುವಿಗೆ ತಕ್ಕಂತಿರಬೇಕು. ಎಲ್ಲರನ್ನೂ ಕಾಯುವ ಕಟ್ಟಳೆಯನ್ನು ಹೊಸಬರಿಗೆ ಅಡ್ಡ ಬೇಲಿಯಾಗಿ ಮಾಡಿದವನು ಒಂದು ದಿನ ತಾನೇ ಆ ಬೇಲಿಗೆ ಸಿಕ್ಕಿಬೀಳುತ್ತಾನೆ.