ಕೆಂಚವ್ವನ ತೆರಪು

ನಮ್ಮ ಹೊನ್ನಗುಂಟೆಯ ಪೇಟೆ ಚೌಕಕ್ಕೆ ಮಂಗಳವಾರದ ಸಂತೆಯ ದಿನ ಬಂದವರಿಗೆ ಕಾಲಿಡಲು ಜಾಗ ಸಿಗುವುದು ಕಷ್ಟ. ಬ್ಯಾಂಕಿನ ಮುಂದೆ ಮೋಟಾರ್ ಬೈಕುಗಳು, ಔಷಧದ ಅಂಗಡಿಗಳ ಸಾಲಿನಲ್ಲಿ ಕಾರುಗಳು, ಹಳೆಯ ಬಾವಿಯ ಸುತ್ತ ಆಟೋಗಳು, ಅವುಗಳ ಸಂದಿಯಲ್ಲಿ ಟೊಮೆಟೊ ಕ್ರೇಟು ತುಂಬಿದ ಲಗೇಜ್ ಗಾಡಿಗಳು. ಇಷ್ಟು ಇಕ್ಕಟ್ಟಿನ ನಡುವೆ ಪಡುವಣದ ನೇಕಾರರ ಓಣಿಯ ಬಾಯಿಂದ ಮೂಡಣದ ಶೆಟ್ಟರ ಬೀದಿಯವರೆಗೆ ಒಂದು ಪಟ್ಟಿ ನೆಲ ಬರಿದಾಗಿ ಬಿದ್ದಿದೆ. ನಾನು ಸರಪಳಿ ಹಿಡಿದು ಅಳೆದಂತೆ ಅದರ ಅಗಲ ಹದಿನಾಲ್ಕು ಅಡಿ, ಉದ್ದ ನೂರ ಹತ್ತು ಅಡಿ. ಅದರ ಮೇಲೆ ಜನ ನಡೆಯುತ್ತಾರೆ, ದನ ಹಾಯುತ್ತವೆ, ಆದರೆ ಯಾರೂ ವಾಹನ ನಿಲ್ಲಿಸುವುದಿಲ್ಲ. ಅಲ್ಲಿ ಹಗ್ಗ ಕಟ್ಟಿಲ್ಲ, ಫಲಕವನ್ನೂ ಹಾಕಿಲ್ಲ. ಊರಿನವರು ಅದನ್ನು ಕೆಂಚವ್ವನ ತೆರಪು ಎನ್ನುತ್ತಾರೆ. ಹೊರಗಿನಿಂದ ಬಂದವರು ಕೆಂಚವ್ವ ಎಂದರೆ ಗ್ರಾಮದೇವತೆ ಇರಬೇಕೆಂದು ಗುಡಿ ಹುಡುಕುವುದುಂಟು. ಗುಡಿ ಇಲ್ಲ.

ಈ ಹೆಸರಿನ ವಿಷಯ ಬರೆದಿಡಬೇಕಾಗಿ ಬಂದದ್ದು ಪಟ್ಟಣ ಪಂಚಾಯಿತಿಯವರ ದೆಸೆಯಿಂದ. ಕಳೆದ ವರ್ಷ ಚೌಕದ ಅಭಿವೃದ್ಧಿಗೆ ಯೋಜನೆ ಮಾಡಿ, ವಾಹನ ನಿಲುಗಡೆ ಎಲ್ಲಿರಬೇಕು, ಏನೇನು ಸುಧಾರಣೆ ಆಗಬೇಕು ಎಂದು ನಿವಾಸಿಗಳ ಅಭಿಪ್ರಾಯ ಕೇಳಿದರು. ಸಭೆಗೆ ಬಂದವರೆಲ್ಲ ತಮ್ಮ ತಮ್ಮ ಕಷ್ಟ ಹೇಳಿಕೊಂಡರು. ಗಿರಾಕಿಯ ಕಾರು ಅಂಗಡಿಯ ಮುಂದೆಯೇ ನಿಲ್ಲಬೇಕು, ಇಲ್ಲದಿದ್ದರೆ ಅವನು ಬೈಪಾಸಿನ ದೊಡ್ಡ ಅಂಗಡಿಗೆ ಹೋಗುತ್ತಾನೆ ಎಂದು ವ್ಯಾಪಾರಿಗಳು ಹೇಳಿದರು. ಮನೆಯ ಬಾಗಿಲಿಗೆ ಬೈಕು ಒರಗಿಸಿ ಹೋಗುತ್ತಾರೆ, ಹೊರಗೆ ಬರಲು ಮೈ ಅಡ್ಡ ಮಾಡಬೇಕು ಎಂದು ಅಲ್ಲಿ ವಾಸವಿರುವವರು ಹೇಳಿದರು. ಊರಿಗೆ ಹೊಸದಾಗಿ ಬಂದಿದ್ದ ಮುಖ್ಯಾಧಿಕಾರಿಗಳು ನಕ್ಷೆಯ ಮೇಲೆ ಬೆರಳಿಟ್ಟು, “ಹದಿಮೂರು ಕಾರು ನಿಲ್ಲುವ ಜಾಗ ಇಲ್ಲೇ ಖಾಲಿ ಇದೆಯಲ್ಲ, ಇದನ್ನು ಯಾಕೆ ಬಿಟ್ಟಿದ್ದೀರಿ?” ಎಂದರು. ಸಭೆಯಲ್ಲಿದ್ದ ಹಳಬರು ನನ್ನ ಕಡೆ ತಿರುಗಿ ನೋಡಿದರು. ಮೂವತ್ತೊಂದು ವರ್ಷ ಜಮೀನು ಅಳೆಯುವ ಮೋಜಣಿ ಕೆಲಸ ಮಾಡಿ ನಿವೃತ್ತನಾದವನು ನಾನು. ಊರಿನ ಒಂದೊಂದು ಗಡಿಕಲ್ಲಿನ ಕಥೆಯೂ ನನಗೆ ಗೊತ್ತಿರುತ್ತದೆ ಎಂದು ಅವರ ನಂಬಿಕೆ. ನನ್ನ ತಾಯಿಯ ತಾಯಿ ಹೇಳಿದ್ದನ್ನು, ನೇಕಾರರ ಓಣಿಯ ಹಿರಿಯರಿಂದ ಕೇಳಿದ್ದನ್ನು ಕೂಡಿಸಿ ಅಂದು ನಾನು ಹೇಳಿದ್ದು ಇದು.

ಹೊನ್ನಗುಂಟೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲ. ಯಾವ ನಾಯಕನ ಕಾಲ ಎಂದು ಯಾರೂ ಖಚಿತವಾಗಿ ಹೇಳುವುದಿಲ್ಲ. ಆಗಲೂ ಸಂತೆ ಮಂಗಳವಾರವೇ. ಹತ್ತಿ, ಮೆಣಸಿನಕಾಯಿ, ಕೊಬ್ಬರಿ ಹೇರಿದ ಗಾಡಿಗಳು ಬೆಳಗಾಗುವಷ್ಟರಲ್ಲಿ ಕೋಟೆ ಬಾಗಿಲು ದಾಟಿ ಚೌಕದೊಳಗೆ ಬಂದುಬಿಡುತ್ತಿದ್ದವು. ಇನ್ನೂರು ಗಾಡಿ ಬರುತ್ತಿದ್ದವು ಎನ್ನುತ್ತಾರೆ. ನನ್ನ ಅಳತೆಯ ಪ್ರಕಾರ ಎಂಬತ್ತಕ್ಕಿಂತ ಹೆಚ್ಚು ಹಿಡಿಯಲಾರವು. ಎಂಬತ್ತಾದರೂ ಸಾಕಷ್ಟಾಯಿತು. ಬಂದವರು ನೊಗದಿಂದ ಎತ್ತು ಬಿಚ್ಚಿ, ಅವನ್ನು ನೀರಿಗೆಂದು ಕೆರೆಗೆ ಹೊಡೆದು, ಗಾಡಿಗಳ ಮುಂದಿನ ಉದ್ದ ಮರವಾದ ಮೂಕಿಯನ್ನು ನೆಲಕ್ಕೆ ಊರಿ ಬಿಟ್ಟುಬಿಡುತ್ತಿದ್ದರು. ಗಾಲಿಗೆ ಗಾಲಿ ತಾಗಿ ನಿಂತ ಮೇಲೆ ಸಂಜೆ ಎತ್ತು ಬರುವವರೆಗೆ ಒಂದನ್ನೂ ಅಲುಗಿಸುವಂತಿರಲಿಲ್ಲ. ಅಂಗಡಿಯವರು ತಮ್ಮ ಜಗಲಿಗಳನ್ನು ವರ್ಷಕ್ಕೊಂದು ಮೊಳದಂತೆ ಮುಂದಕ್ಕೆ ತಂದಿದ್ದರು. ಎಲ್ಲಕ್ಕಿಂತ ಮುಂದೆ ಬಂದಿದ್ದದ್ದು ಪೇಟೆಯ ಯಜಮಾನ ಅಡವೆಪ್ಪಶೆಟ್ಟಿಯ ಜಗಲಿ.

ಮನೆಯವರ ದೂರು ಹೆಚ್ಚಾದಾಗ ನಾಯಕನ ಪರವಾಗಿ ಪೇಟೆ ನೋಡಿಕೊಳ್ಳುತ್ತಿದ್ದ ಪಾರುಪತ್ಯಗಾರ ಶ್ರೀಪಾದಯ್ಯ ಚಾವಡಿಯಲ್ಲಿ ಜನರನ್ನು ಸೇರಿಸಿ, ಏನು ಮಾಡಬೇಕು ಹೇಳಿ ಎಂದು ಕೇಳಿದ. ಅವನು ಕೇಳಿದ್ದು ಪ್ರಾಮಾಣಿಕವಾಗಿಯೇ ಎನ್ನುತ್ತಾರೆ. ಗಾಡಿಗಳನ್ನು ಕೋಟೆಯ ಹೊರಗೆ ಬಿಡಿಸಿದರೆ ಮಾಲು ಅಲ್ಲಿಯೇ ಮಾರಿಹೋಗುತ್ತದೆ, ಪೇಟೆ ಹಾಳು ಬೀಳುತ್ತದೆ ಎಂದು ಅಡವೆಪ್ಪಶೆಟ್ಟಿ ಹೇಳಿದ. ಗಾಡಿ ಬಳಿಯಲ್ಲಿದ್ದರೆ ತಮಗೆ ಕೆಲಸ ಸಿಗುತ್ತದೆ ಎಂದು ಬಡಗಿಗಳೂ ಕಮ್ಮಾರರೂ ದನಿಗೂಡಿಸಿದರು. ಬಾವಿಗೆ ಹೋಗುವ ಹೆಂಗಸರು ಕೊಡ ಒಡೆಯುತ್ತದೆ ಎಂದರು. ಕೊನೆಗೆ ಎದ್ದು ನಿಂತವಳು ಸೂಲಗಿತ್ತಿ ಕೆಂಚವ್ವ. ನೇಕಾರರ ಓಣಿಯವಳು, ಅರವತ್ತು ದಾಟಿದ, ದಪ್ಪ ಮೈಯ ಹೆಂಗಸು. ಅಲ್ಲಿ ಕುಳಿತಿದ್ದವರಲ್ಲಿ ಅರ್ಧಕ್ಕರ್ಧ ಜನ ಅವಳ ಕೈಮೇಲೆ ಹುಟ್ಟಿದವರು.

“ಗಾಡಿ ಎಲ್ಲಿ ಬೇಕಾದ್ರೂ ಬಿಡ್ರಿ, ನಂದೇನೂ ತಕರಾರಿಲ್ಲ,” ಎಂದಳು. “ನಡುವೆ ಒಂದು ದಾರಿ ಮಾತ್ರ ಇಟ್ಕಳ್ರಿ. ಬಸುರಿಗೆ ನೋವು ಬರಾದು ವಾರ ನೋಡ್ಕಂಡಲ್ಲ.”

“ವಾರಕ್ಕೆ ಒಂದು ದಿನ ಅಷ್ಟೇ ಅಲ್ವೇನವ್ವ,” ಎಂದ ಅಡವೆಪ್ಪಶೆಟ್ಟಿ. “ಕೆರೆ ಏರಿ ಮೇಲೆ ಸುತ್ತಾಕ್ಕೊಂಡು ಬಂದ್ರೆ ಆತು.”

ಅವನ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಉಳಿದವರಿಗೂ ಅದು ಸರಿಯೆಂದೇ ತೋರಿತು. ಬಾವಿಗೆ ಕಟ್ಟೆ ಕಟ್ಟಿಸುವುದು, ಚೌಕಕ್ಕೆ ಚಪ್ಪಡಿ ಹಾಸುವುದು, ಗಾಡಿಗಳನ್ನು ಇದ್ದಂತೆಯೇ ಬಿಡುವುದು ಎಂದು ಶ್ರೀಪಾದಯ್ಯ ತೀರ್ಮಾನ ಬರೆಸಿದ. ಕಟ್ಟೆ ಆಯಿತು, ಚಪ್ಪಡಿಯೂ ಬಂತು. ಚೌಕ ನೋಡಲು ಚೆನ್ನಾಯಿತು. ಗಾಡಿಗಳು ಇನ್ನಷ್ಟು ಒತ್ತೊತ್ತಾಗಿ ನಿಂತವು.

ಆ ಪುಷ್ಯ ಮಾಸದಲ್ಲಿ, ಹತ್ತಿಯ ಭರಾಟೆ ಜೋರಾಗಿದ್ದಾಗ, ಅಡವೆಪ್ಪಶೆಟ್ಟಿಯ ಒಬ್ಬಳೇ ಮಗಳು ಮಲ್ಲವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಇನ್ನೂ ಹದಿನೈದು ದಿನವಿದೆ ಎಂದುಕೊಂಡಿದ್ದರು. ಒಂದು ಮಂಗಳವಾರ ಸಂತೆ ತುಂಬಿ ನಿಂತ ಹೊತ್ತಿನಲ್ಲಿ ಅವಳಿಗೆ ನೋವು ಕಾಣಿಸಿಕೊಂಡಿತು. ಮನೆಯ ಆಳು ಹೆಂಗಸೊಬ್ಬಳು ಗಾಡಿಗಳ ಅಡಿಯಲ್ಲಿ ನುಸುಳಿ ನೇಕಾರರ ಓಣಿಗೆ ಬಂದು, ಕೂಸಿನ ಕಾಲು ಮುಂದಾಗಿದೆ, ಬೇಗ ಬಾ ಎಂದಳು. ಕೆಂಚವ್ವ ಓಣಿಯ ಬಾಯಿಗೆ ಬಂದು ನೋಡಿದಳು. ನೂರ ಹತ್ತು ಅಡಿ ಆಚೆಗೆ ಶೆಟ್ಟರ ಮನೆಯ ಮಾಳಿಗೆ ಕಾಣುತ್ತಿತ್ತು. ನಡುವೆ ನೆಲ ಕಾಣುತ್ತಿರಲಿಲ್ಲ. ಕೆರೆ ಏರಿಯ ಮೇಲೆ ಹೋಗೋಣವೆಂದರೆ ಸಂತೆಯ ಎತ್ತುಗಳೆಲ್ಲ ಅಲ್ಲಿಯೇ ಇದ್ದವು. ಅವಳ ನಡಿಗೆಗೆ ಒಂದೂವರೆ ಗಳಿಗೆಯ, ಎಂದರೆ ಅರ್ಧ ಗಂಟೆ ಮೀರಿದ ಹಾದಿ.

ಎದುರಿಗಿದ್ದ ಹತ್ತಿ ಗಾಡಿಯ ನೆರಳಿನಲ್ಲಿ ಭರಮಪ್ಪ ಎಂಬ ಪರವೂರಿನ ಗಾಡಿಯವನು ರೊಟ್ಟಿ ಬಿಚ್ಚಿಕೊಂಡು ಕುಳಿತಿದ್ದ. ಅವನಿಗೆ ಇವಳ ಗುರುತಿರಲಿಲ್ಲ.

“ಗಾಡಿ ಒಂಚೂರು ಸರಿಸಪ್ಪ,” ಎಂದಳು ಕೆಂಚವ್ವ.

“ಎಲ್ಲಿಗೆ ಸರಿಸಲವ್ವ? ಹಿಂದೂ ಗಾಡಿ, ಮುಂದೂ ಗಾಡಿ. ಎತ್ತು ಕೆರೆಗೆ ಹೋಗ್ಯಾವೆ.”

“ಆಚೆ ಬೀದಿಯಾಗೆ ಒಬ್ಬಾಕೆ ಹೆರ್ತಾ ಅದಾಳೆ. ನಾನು ಸೂಲಗಿತ್ತಿ.”

ಭರಮಪ್ಪ ರೊಟ್ಟಿಯನ್ನು ಅಲ್ಲಿಯೇ ಬಿಟ್ಟು ಎದ್ದ. ತಾನು ಮುಂದಾಗಿ ಗಾಡಿಗಳ ಅಡಿಯಲ್ಲಿ ತೆವಳುತ್ತ, ಅಡ್ಡ ಬಂದ ಹಗ್ಗ ಕೊಯ್ಯುತ್ತ, ಮೂಟೆ ತಳ್ಳುತ್ತ ಅವಳಿಗೆ ದಾರಿ ಮಾಡಿದ. ಅವಳು ಮಂಡಿಯೂರಿ ಹಿಂದೆ ಬಂದಳು. ಎರಡು ಗಾಡಿಗಳ ನಡುವಿನ ಸಂದಿಯಲ್ಲಿ ಎದ್ದು ಉಸಿರು ತೆಗೆದುಕೊಳ್ಳುವುದು, ಮತ್ತೆ ಬಗ್ಗುವುದು. ಹನ್ನೊಂದನೆಯದೋ ಹನ್ನೆರಡನೆಯದೋ ಗಾಡಿಯ ಬಳಿ ಭರಮಪ್ಪ ಮೂಟೆಯೊಂದನ್ನು ತಳ್ಳಿದಾಗ ಭಾರ ವಾಲಿತು. ನೆಲಕ್ಕೆ ಬದಲು ಕಲ್ಲಿನ ಮೇಲೆ ಊರಿದ್ದ ಆ ಗಾಡಿಯ ಮೂಕಿ ಜಾರಿ ಅವಳ ಬಲಗೈ ಮೇಲೆ ಬಿತ್ತು. ಭರಮಪ್ಪ ಮೂಕಿಯನ್ನು ಎತ್ತಿದ. ಅವಳು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, “ನಡಿಯಪ್ಪ, ನಿಲ್ಲಬ್ಯಾಡ,” ಎಂದಳು.

ಶೆಟ್ಟರ ಮನೆ ಮುಟ್ಟಿದಾಗ ಹೊತ್ತಾಗಿತ್ತು. ಒಂದೇ ಕೈಯಲ್ಲಿ ಆದಷ್ಟು ಮಾಡಿ, ಉಳಿದದ್ದನ್ನು ಮಲ್ಲವ್ವನ ತಾಯಿಗೆ ಹೇಳಿ ಮಾಡಿಸಿದಳು. ಮಲ್ಲವ್ವ ಉಳಿದಳು. ಗಂಡುಕೂಸು ಉಸಿರಾಡಲಿಲ್ಲ. ಪಡಸಾಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ ಅಡವೆಪ್ಪಶೆಟ್ಟಿಯ ಮುಂದೆ ಬಂದು ಕೆಂಚವ್ವ ಹೇಳಿದ ಮಾತನ್ನು ನಮ್ಮ ಅಜ್ಜಿ ದನಿ ಏರಿಸದೆ ಹೇಳುತ್ತಿದ್ದಳು: “ಶೆಟ್ರೆ, ಕೂಸು ಹೊತ್ತಿಗೆ ಬಂತು. ನಾನು ಬರಲಿಲ್ಲ.”

ಅವನು ಮೂರು ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ. ನಾಲ್ಕನೆಯ ದಿನ ಗಡಾರಿ ತರಿಸಿ, ಆಳುಗಳನ್ನು ಕರೆಯದೆ, ತಾನೇ ತನ್ನ ಜಗಲಿಯ ಕಲ್ಲುಗಳನ್ನು ಕೀಳಲು ಶುರುಮಾಡಿದ. ಮಧ್ಯಾಹ್ನದ ಹೊತ್ತಿಗೆ ಅಳಿಯನೂ ಬಂದು ಕೈಹಚ್ಚಿದ. ಜಗಲಿ ಹೋಯಿತು, ಅದರ ಹಿಂದಿನ ಹತ್ತಿ ತುಂಬುವ ಅಂಕಣವೂ ಹೋಯಿತು. ಮರುವಾರ ಚಾವಡಿಯಲ್ಲಿ ಮತ್ತೆ ಜನ ಸೇರಿದಾಗ, ನಿನ್ನ ಮನೆಯ ದುಃಖಕ್ಕೆ ನಮ್ಮ ವ್ಯಾಪಾರ ಯಾಕೆ ಕೆಡಬೇಕು ಎಂದು ಒಬ್ಬಿಬ್ಬರು ಕೇಳಿದರು. “ನೀವು ಹೇಳೋದು ನನಗೆ ತಿಳೀತದೆ,” ಎಂದ ಅಡವೆಪ್ಪಶೆಟ್ಟಿ. “ನಾಲ್ಕು ತಿಂಗಳ ಹಿಂದೆ ಅದನ್ನೇ ನಾನು ಹೇಳಿದ್ದೆ. ಕೋಟೆ ಹೊರಗಿನ ನನ್ನ ಬಣವೆ ಹೊಲ ಗಾಡಿ ಬಿಡೋಕೆ ಕೊಟ್ಟಿದೀನಿ. ಇನ್ನು ನಿಮ್ಮ ಇಷ್ಟ.” ಶ್ರೀಪಾದಯ್ಯ ತಾನು ಹಿಂದೆ ಬರೆಸಿದ ತೀರ್ಮಾನವನ್ನು ತಾನೇ ಹೊಡೆದುಹಾಕಿದ.

ದಾರಿ ಎಷ್ಟು ಅಗಲ ಇರಬೇಕು ಎಂಬ ಪ್ರಶ್ನೆ ಬಂದಾಗ ಕೆಂಚವ್ವ ಮಲಗುವ ಹೊರಸೊಂದನ್ನು ತರಿಸಿದಳು. ಬಸುರಿಯನ್ನು ಹೊತ್ತೊಯ್ಯುವ ಹಾಗೆ ನಾಲ್ವರು ಹೊತ್ತು, ನಡುದಾರಿಯಲ್ಲಿ ಒಂದು ಸುತ್ತು ತಿರುಗಿಸಬೇಕು. ಅದು ಯಾವುದಕ್ಕೂ ತಾಗಬಾರದು. ಬರಿಯ ಹೊರಸಾದರೆ ಆಗದು, ಮೇಲೆ ಆಳು ಮಲಗಬೇಕು ಎಂದಳು. ಆ ವಾರವೂ ಸಂತೆಗೆ ಬಂದಿದ್ದ ಭರಮಪ್ಪ ಮಲಗಿದ. ಅವನ ಕಾಲು ಹೊರಸಿನಿಂದ ಒಂದು ಗೇಣು ಹೊರಗೆ ಚಾಚಿತ್ತು. ಅದನ್ನೂ ಸೇರಿಸಿಯೇ ಸುಣ್ಣದ ಗೆರೆ ಎಳೆದರು. ಆ ಗೇಣನ್ನು ಬಿಟ್ಟಿದ್ದರೆ ಇಂದಿನ ಅಳತೆ ಹದಿನಾಲ್ಕು ಅಡಿ ಬರುತ್ತಿರಲಿಲ್ಲ ಎಂದು ನನ್ನ ಲೆಕ್ಕ.

ಸುಣ್ಣದ ಗೆರೆಗೆ ಜನ ಎರಡು ವಾರ ಮರ್ಯಾದೆ ಕೊಟ್ಟರು. ಮೂರನೆಯ ವಾರ ಒಂದು ಗಾಲಿ ಒಳಗೆ ಬಂತು, ನಾಲ್ಕನೆಯ ವಾರ ಇಡೀ ಗಾಡಿಗಳೇ ಬಂದವು. ಕೆಂಚವ್ವನ ಬಲಗೈ ಕೂಡಿಕೊಂಡಿತ್ತು, ಆದರೆ ಬೆರಳು ಮಡಿಚುತ್ತಿರಲಿಲ್ಲ. ಇನ್ನು ಹೆರಿಗೆ ಮಾಡಿಸುವುದು ತನ್ನಿಂದ ಆಗದು ಎಂದು ಅವಳಿಗೆ ತಿಳಿದಿತ್ತು. ಐದನೆಯ ಮಂಗಳವಾರ ಬೆಳಿಗ್ಗೆ ಒಂದು ಚಾಪೆ ಹಿಡಿದು ಬಂದು ಎರಡು ಗೆರೆಗಳ ನಡುವೆ ಹಾಸಿ ಕುಳಿತಳು. ದೊಡ್ಡ ಹತ್ತಿ ವ್ಯಾಪಾರಿಯೊಬ್ಬ ಗಾಡಿ ಹೊಡೆಸಿಕೊಂಡು ಬಂದವನು, ಏಳವ್ವ, ಹೊತ್ತಾಯಿತು ಎಂದು ಗದರಿದ. ಅವಳು ತಲೆ ಎತ್ತಿ ನೋಡಿ, “ನೀನು ದೊಡ್ಡರುದ್ರಪ್ಪನ ಮಗ ಅಲ್ಲೇನು? ಕಾಲು ಮುಂದಾಗಿ ಬಂದೋನು. ಅವತ್ತು ನಿನಗೂ ದಾರಿ ಮಾಡಿಕೊಟ್ಟೋಳು ನಾನೇ. ಗಾಡಿ ತಿರುಗಿಸು,” ಎಂದಳು. ಸುತ್ತಲಿನವರು ನಕ್ಕರು. ಅವನು ತಾನೇ ಕೆಳಗಿಳಿದು ಎತ್ತುಗಳ ಮೂಗುದಾರ ಹಿಡಿದು ಹಿಂದಕ್ಕೆ ತಿರುಗಿಸಿದ.

ಅಲ್ಲಿಂದ ಹನ್ನೊಂದು ವರ್ಷ, ಒಂದು ಸಂತೆಯನ್ನೂ ತಪ್ಪಿಸದೆ ಅವಳು ಬಂದು ಕುಳಿತಳು ಎನ್ನುತ್ತಾರೆ. ಕುಳಿತಲ್ಲಿಯೇ ತನ್ನ ತಂಗಿಯ ಸೊಸೆಗೆ ಬಾಯಿಮಾತಿನಲ್ಲಿ ಸೂಲಗಿತ್ತಿಯ ಕೆಲಸ ಕಲಿಸಿದಳು. ಎರಡು ವರ್ಷದ ಮೇಲೆ ಮಲ್ಲವ್ವನಿಗೆ ಮತ್ತೆ ನೋವು ಬಂದಾಗ ಆ ಸೊಸೆ ತೆರಪಿನ ನಡುವೆ ನೆಟ್ಟಗೆ ನಡೆದುಹೋದಳು, ಹೆಣ್ಣುಮಗು ಹುಟ್ಟಿತು. ಆ ಮಗುವಿಗೆ ಕೆಂಚವ್ವ ಎಂದೇ ಹೆಸರಿಟ್ಟರು ಎಂದು ಕೆಲವರು ಹೇಳುತ್ತಾರೆ. ಶೆಟ್ಟರ ಮನೆತನದವರನ್ನು ನಾನು ಕೇಳಿದ್ದೇನೆ, ಅವರಿಗೆ ಗೊತ್ತಿಲ್ಲ.

ಅವಳು ತೀರಿಕೊಂಡ ಮರುವಾರ ಯಾರು ಮೊದಲು ಗೆರೆಯೊಳಗೆ ಗಾಡಿ ಬಿಡುತ್ತಾರೆ ಎಂದು ಊರೆಲ್ಲ ನೋಡುತ್ತಿತ್ತು. ಗಾಡಿಗಳು ಬಂದವು. ಎರಡೂ ಪಕ್ಕಕ್ಕೆ ನಿಂತವು. ಚಾಪೆಯೂ ಇಲ್ಲ, ಮುದುಕಿಯೂ ಇಲ್ಲ. ಮಧ್ಯಾಹ್ನವಾಯಿತು, ಸಂಜೆ ಎತ್ತುಗಳು ಮರಳಿದವು, ನಡುವಿನ ನೆಲದ ಮೇಲೆ ಒಂದು ಗಾಲಿಯೂ ಉರುಳಲಿಲ್ಲ. ಆ ದಿನದಿಂದ ಅದು ಕೆಂಚವ್ವನ ತೆರಪಾಯಿತು.

ನಾನು ಇಷ್ಟು ಹೇಳಿ ಮುಗಿಸಿದಾಗ ಮುಖ್ಯಾಧಿಕಾರಿಗಳು, “ಇದಕ್ಕೆ ದಾಖಲೆ ಏನಾದರೂ ಇದೆಯೇ?” ಎಂದು ಕೇಳಿದರು. ಕೇಳುವುದು ಅವರ ಕೆಲಸ. ಹಳೆಯ ಮೋಜಣಿ ನಕ್ಷೆಯ ನಕಲು ತೋರಿಸಿದೆ. ಅದರಲ್ಲಿ ಚೌಕದ ಒಂದೊಂದು ತುಂಡಿಗೂ ನಂಬರಿದೆ. ಈ ಪಟ್ಟಿಗೆ ನಂಬರಿಲ್ಲ, ತೆರಪು ಎಂದಷ್ಟೇ ಬರೆದಿದೆ. ಅದಕ್ಕಿಂತ ಹೆಚ್ಚಿನ ಪುರಾವೆ ನನ್ನಲ್ಲಿ ಇಲ್ಲ. ಎಲ್ಲರೂ ಒಪ್ಪಿದರು ಎಂದು ಹೇಳಿದರೆ ಸುಳ್ಳಾದೀತು. ಹದಿಮೂರು ಕಾರಿನ ಜಾಗ ಕಡಿಮೆಯದಲ್ಲ ಎಂದು ಬಟ್ಟೆ ಅಂಗಡಿಯವರು ಈಗಲೂ ಹೇಳುತ್ತಾರೆ, ಅವರ ಮಾತಿನಲ್ಲೂ ನ್ಯಾಯವಿದೆ. ಕೊನೆಗೆ ಕೋಟೆ ಹೊರಗೆ ಹಿಂದೆ ಸಂತೆ ಗಾಡಿ ಬಿಡುತ್ತಿದ್ದ ಮಾಳವನ್ನು ಸಮ ಮಾಡಿ ಕಾರು ನಿಲ್ಲಿಸುವುದು, ಚೌಕಕ್ಕೆ ದೀಪ ಹಾಕಿಸುವುದು, ತೆರಪನ್ನು ಇದ್ದಂತೆ ಬಿಡುವುದು ಎಂದು ಆಯಿತು.

ಈಗ ಬಂದು ನೋಡಿದರೆ ಎರಡು ಕಡೆ ಹೊಸ ಕೆಂಪು ಇಟ್ಟಿಗೆ ಹಾಸು, ನಡುವೆ ಹಳೆಯ ಸವೆದ ಚಪ್ಪಡಿಗಳು ಕಾಣುತ್ತವೆ. ಮೊನ್ನೆ ಸಂತೆಯಲ್ಲಿ ಬೇರೆ ಊರಿನ ಕಾರೊಂದು ಖಾಲಿ ಜಾಗ ಕಂಡು ಆ ಕಡೆ ತಿರುಗಿತು. ಪಕ್ಕದಲ್ಲಿ ಸೀಬೆಹಣ್ಣು ಮಾರುತ್ತಿದ್ದ ಹೆಂಗಸು ಕುಳಿತಲ್ಲಿಂದ ಏಳದೆ ಕೈ ಅಡ್ಡ ಹಿಡಿದಳು. ನಾನು ನಿಂತು, ಇವಳಿಗೆ ಈ ಕಥೆ ಗೊತ್ತೇ ಎಂದು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವಳೇ ಡ್ರೈವರನಿಗೆ ಹೇಳುತ್ತಿದ್ದಳು: “ಅಲ್ಲಿ ಬ್ಯಾಡ ಅಣ್ಣ. ಯಾರೋ ಬರೋರು ಇರ್ತಾರೆ.”