ಬೆರಳಿಲ್ಲದ ಕೈ

ವಾದ್ಯವೃಂದದ ನಿರ್ದೇಶಕರಾದ ಸಿಕ್ವೇರಾ ಮಾಸ್ತರರ ಎರಡು ಚಿತ್ರಗಳನ್ನು ಕಲಾವಿದೆ ವಾರಿಜಾ ಬರೆದಳು. ತಾಲೀಮು ನಡೆಯುವಾಗ ಒಂದನ್ನು ಅಗಲ ಕುಂಚದಲ್ಲಿ, ಚಹಾದ ಬಿಡುವಿನಲ್ಲಿ ಇನ್ನೊಂದನ್ನು ಚೂಪು ಪೆನ್ಸಿಲ್ಲಿನಲ್ಲಿ. ಸಭಾಂಗಣದ ಗೋಡೆಯ ಮೇಲೆ ಜಾಗವಿದ್ದದ್ದು ಒಂದಕ್ಕೇ.

"ಅಯ್ಯಾ ಕುಂಚ, ಇದೇನು ಮಾಡಿಟ್ಟೆ?" ಎಂದಿತು ಪೆನ್ಸಿಲ್ಲು. "ನನ್ನ ಚಿತ್ರದಲ್ಲಿ ಮಾಸ್ತರರ ಹತ್ತು ಬೆರಳೂ ಇವೆ, ಕೋಟಿನ ಗುಂಡಿಗಳೂ ಇವೆ. ನಿನ್ನದರಲ್ಲಿ ಕೈಯೇ ಇಲ್ಲ. ಭುಜದಿಂದ ಮೇಲಕ್ಕೆ ಒಂದು ಕಪ್ಪು ಗೀಟು, ಅಷ್ಟೆ!"

"ಅವರು ಕೈ ಬೀಸಿದರು, ನಾನೂ ಬೀಸಿದೆ. ಬೆರಳು ಎಣಿಸಲು ಸಿಗುವುದು ಚಹಾ ಕುಡಿಯುವ ಹೊತ್ತಿನಲ್ಲಿ ಮಾತ್ರ."

"ತಪ್ಪು ಮಾಡಿದವರಿಗೆ ನೆಪಕ್ಕೇನು ಬರ?"

"ಆಗಲಿ. ಆ ಕೈ ನೋಡಿ ನುಡಿಸುವವರೇ ಹೇಳಲಿ," ಎಂದಿತು ಕುಂಚ.

ಅಷ್ಟರಲ್ಲಿ ಗ್ರೇಸಿಬಾಯಿ ಪಿಟೀಲು ಹಿಡಿದುಕೊಂಡೇ ಒಳಬಂದರು. ಮೂವತ್ತು ವರ್ಷ ಮಾಸ್ತರರ ಎದುರಿಗೇ ಕೂತು ನುಡಿಸಿದವರು ಅವರು. ಪೆನ್ಸಿಲ್ಲಿನ ಚಿತ್ರ ನೋಡಿ, "ಆಹಾ, ಒಂದು ಗುಂಡಿಯನ್ನೂ ಬಿಟ್ಟಿಲ್ಲ!" ಎಂದು ಹೊಗಳಿದರು. ಪೆನ್ಸಿಲ್ಲು ಬೀಗಿತು.

ಆಮೇಲೆ ಅವರು ಕುಂಚದ ಚಿತ್ರದತ್ತ ತಿರುಗಿದರು. ಬೆನ್ನು ನೆಟ್ಟಗಾಯಿತು. ಪಿಟೀಲು ತಾನಾಗಿ ಗಲ್ಲದಡಿಗೆ ಏರಿತು. ಕಮಾನು ತಂತಿಯ ಮೇಲೆ ಬಂದು ಕಾದು ನಿಂತಿತು.

"ಯಾವುದನ್ನು ಗೋಡೆಗೆ ಹಾಕಿಸಲಿ, ಬಾಯಮ್ಮಾ?" ಎಂದು ವಾರಿಜಾ ಕೇಳಿದಳು.

"ಸ್ವಲ್ಪ ತಡಿಯಮ್ಮಾ," ಎಂದರು ಗ್ರೇಸಿಬಾಯಿ, ಚಿತ್ರದಿಂದ ಕಣ್ಣು ತೆಗೆಯದೆ. "ಮಾಸ್ತರರಿನ್ನೂ ಕೈ ಇಳಿಸಿಲ್ಲ."